ಸರ್ವರ್ ಬರೆಯಲು ಒಲ್ಲೆ ಎಂದಾಗ

ಸೋಮವಾರ ಬೆಳಿಗ್ಗೆ ಹತ್ತೂವರೆ. ಜಿಲ್ಲಾ ಕೇಂದ್ರದ ಯಾವುದೋ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್ ಅಂದುಕೊಳ್ಳಿ. ಸರತಿ ಬಾಗಿಲು ದಾಟಿ ಹೊರಗೆ ಬಂದಿದೆ. ರೋಗಿಯ ಹೆಸರು ಟೈಪ್ ಮಾಡಿದರೆ ಹಳೆಯ ದಾಖಲೆ ಚಕ್ಕನೆ ತೆರೆದುಕೊಳ್ಳುತ್ತದೆ. ಹೋದ ವಾರದ ರಕ್ತಪರೀಕ್ಷೆ, ಕಟ್ಟಿದ ಮುಂಗಡ, ಬಾಕಿ ಎಲ್ಲವೂ ಇದೆ. ಇವತ್ತಿನ ಬಿಲ್ ಮಾಡಿ ಸೇವ್ ಒತ್ತಿದರೆ ಮಾತ್ರ ಎರರ್. ಪಕ್ಕದ ಕಂಪ್ಯೂಟರಿನಲ್ಲೂ ಎರರ್, ಔಷಧ ಕೌಂಟರಿನಲ್ಲೂ ಎರರ್.

"ನೆಟ್ ಇದೆ, ಹಳೇದೆಲ್ಲ ಕಾಣ್ತಾ ಇದೆ, ಸೇವ್ ಮಾತ್ರ ಆಗ್ತಿಲ್ಲ ಸರ್" ಎಂದು ಕೌಂಟರಿನಿಂದ ಫೋನು ಹೋಗುತ್ತದೆ. ಅತ್ತ ಕಡೆಯಿಂದ ಬರುವ ಮೊದಲ ಸಲಹೆ ಈಗ ಎಲ್ಲರಿಗೂ ಬಾಯಿಪಾಠ: "ಒಂದ್ಸಲ ಸರ್ವರ್ ಆಫ್ ಮಾಡಿ ಆನ್ ಮಾಡಿ ನೋಡಿ."

ಹಾಗೆ ಮಾಡಿದರೆ ಎಷ್ಟೋ ಸಲ ಕೆಲಸ ಮತ್ತೆ ಸರಾಗವಾಗಿ ಶುರುವಾಗುತ್ತದೆ. ಕೆಲವು ಸಲ ಸರ್ವರ್ ಏಳುವುದೇ ಇಲ್ಲ. ಎರಡರಲ್ಲಿ ಯಾವುದೇ ಆದರೂ ಒಂದು ನಷ್ಟವಂತೂ ಬಹುತೇಕ ಖಚಿತ. ಯಾಕೆ ಹೀಗಾಯಿತು ಎಂಬುದಕ್ಕೆ ಅಷ್ಟು ಹೊತ್ತು ಇದ್ದ ಸಾಕ್ಷ್ಯ ಅಳಿಸಿಹೋಗಿರುತ್ತದೆ.

ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವವರಿಗೆ ಈ ಲಕ್ಷಣ ಚಿರಪರಿಚಿತ. ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಅವರ ಮಾತಿನಲ್ಲಿ ಹೇಳುವುದಾದರೆ ಡಿಸ್ಕ್ 'ರೀಡ್-ಓನ್ಲಿ'ಗೆ ಹೋಗಿದೆ. ಹೀಗಾದಾಗ ಲಾಗ್ ತೆರೆದರೆ ಹೆಚ್ಚಾಗಿ ಕಾಣುವ ಹೆಸರು ಒಂದೇ: ಜರ್ನಲ್. ಅದು ಏನು, ಯಾಕಾಗಿ ಇದೆ, ಯಾವಾಗ ಕೈಬಿಡುತ್ತದೆ, ಕೈಬಿಟ್ಟಾಗ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಅನಾಹುತ ತಪ್ಪುತ್ತದೆ.

ಒಂದು ಕೆಲಸಕ್ಕೆ ಮೂರು ಬರಹ

ಡಿಸ್ಕ್ ಎಂದರೆ ಒಂದೇ ಅಳತೆಯ ಕೋಟ್ಯಂತರ ಖಾನೆಗಳು. ಲಿನಕ್ಸಿನಲ್ಲಿ ಒಂದೊಂದು ಖಾನೆ, ಅಂದರೆ ಬ್ಲಾಕ್, ಸಾಮಾನ್ಯವಾಗಿ 4 ಕಿಲೋಬೈಟ್‌ನದು. ಯಾವ ಫೈಲಿನ ಯಾವ ಭಾಗ ಯಾವ ಬ್ಲಾಕಿನಲ್ಲಿದೆ, ಯಾವುದು ಖಾಲಿ ಇದೆ ಎಂಬ ಲೆಕ್ಕವನ್ನೆಲ್ಲ ಇಟ್ಟುಕೊಳ್ಳುವ ಏರ್ಪಾಡೇ ಫೈಲ್ ಸಿಸ್ಟಮ್.

ಒಂದು ಫೈಲಿನ ಕೊನೆಗೆ ನಾಲ್ಕು ಸಾಲು ಸೇರಿಸುವುದು ನಮ್ಮ ಮಟ್ಟಿಗೆ ಒಂದೇ ಕೆಲಸ. ಡಿಸ್ಕಿನ ಮಟ್ಟಿಗೆ ಅದು ಮೂರಾದರೂ ಆಗುತ್ತದೆ. ಆ ಸಾಲುಗಳನ್ನು ಖಾಲಿ ಬ್ಲಾಕೊಂದಕ್ಕೆ ಬರೆಯಬೇಕು. ಆ ಬ್ಲಾಕ್ ಇನ್ನು ಖಾಲಿ ಇಲ್ಲ ಎಂದು ಬಿಟ್‌ಮ್ಯಾಪ್ ಎಂಬ ಪಟ್ಟಿಯಲ್ಲಿ ಗುರುತು ಹಾಕಬೇಕು. ಫೈಲಿನ ಗಾತ್ರ, ಒಡೆತನ, ಬ್ಲಾಕ್‌ಗಳ ವಿಳಾಸ ಇರುವ ಐನೋಡ್ ಎಂಬ ದಾಖಲೆಯನ್ನು ತಿದ್ದಬೇಕು. ಮೂರೂ ಡಿಸ್ಕಿನ ಬೇರೆ ಬೇರೆ ಕಡೆ ಇರುತ್ತವೆ. ಮೂರನ್ನೂ ಒಂದೇ ಏಟಿಗೆ ಬರೆಯಲು ಡಿಸ್ಕಿಗೆ ಬರುವುದಿಲ್ಲ.

ನಡುವೆ ಕರೆಂಟ್ ಹೋಯಿತು ಎನ್ನಿ. ಐನೋಡ್ ತಿದ್ದಿ ಆಗಿದೆ, ಬಿಟ್‌ಮ್ಯಾಪ್‌ನಲ್ಲಿ ಗುರುತು ಬಿದ್ದಿಲ್ಲ. ಆ ಬ್ಲಾಕ್ ಇನ್ನೂ ಖಾಲಿ ಇದೆ ಎಂದೇ ತಿಳಿದು ಫೈಲ್ ಸಿಸ್ಟಮ್ ಅದನ್ನು ಮತ್ತೊಂದು ಫೈಲಿಗೂ ಹಂಚುತ್ತದೆ. ಒಬ್ಬರ ಬಿಲ್ಲಿನೊಳಗೆ ಇನ್ನೊಬ್ಬರ ವರದಿಯ ತುಣುಕು ಕೂರುವುದು ಹೀಗೆ. ತಿರುಗಮುರುಗ ಆದರೆ, ಅಂದರೆ ಗುರುತು ಬಿದ್ದು ಐನೋಡ್ ಉಳಿದುಕೊಂಡರೆ, ಯಾರಿಗೂ ಸೇರದ ಬ್ಲಾಕ್ ಸುಮ್ಮನೆ ಜಾಗ ಹಿಡಿದು ಕೂರುತ್ತದೆ.

ಹಿಂದೆ ಇದಕ್ಕೆ ಇದ್ದ ಮದ್ದು ಎಫ್‌ಎಸ್‌ಸಿಕೆ ಎಂಬ ತಪಾಸಣೆ ಪ್ರೋಗ್ರಾಂ. ಕರೆಂಟ್ ಹೋಗಿ ಬಂದಾಗಲೆಲ್ಲ ಅದು ಡಿಸ್ಕಿನ ಲೆಕ್ಕವನ್ನು ಪೂರ್ತಿ ತಿರುವಿ ಹಾಕಿ ತಾಳೆ ನೋಡುತ್ತಿತ್ತು. ಡಿಸ್ಕ್ ಚಿಕ್ಕದಿದ್ದಾಗ ಅದು ನಿಮಿಷಗಳ ಕೆಲಸ. ಡಿಸ್ಕ್ ಬೆಳೆದಂತೆ ಅದು ಗಂಟೆಗಳಾಯಿತು. ಅಷ್ಟು ಹೊತ್ತೂ ಸರ್ವರ್ ಬಂದ್.

ಕಿರ್ದಿ ಮೊದಲು, ಖಾತೆ ಆಮೇಲೆ

ಮಂಡಿ ವರ್ತಕರ ಲೆಕ್ಕದ ಪದ್ಧತಿ ಗೊತ್ತಿದ್ದವರಿಗೆ ಜರ್ನಲ್ ಹೊಸದೇನೂ ಅನ್ನಿಸುವುದಿಲ್ಲ. ವ್ಯವಹಾರ ನಡೆದ ಕೂಡಲೇ ಅದು ಕಿರ್ದಿಗೆ ಬೀಳುತ್ತದೆ. ಆಯಾ ಗಿರಾಕಿಯ ಖಾತೆಗೆ ಏರಿಸುವುದು ಬಿಡುವಾದಾಗ. ಖಾತೆಗೆ ಏರಿಸುವ ಕೆಲಸ ಅರ್ಧಕ್ಕೆ ನಿಂತರೂ ಕಿರ್ದಿ ನೋಡಿ ಮುಗಿಸಬಹುದು.

ಫೈಲ್ ಸಿಸ್ಟಮ್ ಮಾಡುವುದೂ ಇದನ್ನೇ. ಐನೋಡ್, ಬಿಟ್‌ಮ್ಯಾಪ್ ಮುಂತಾದವುಗಳಲ್ಲಿ ಆಗಬೇಕಾದ ಬದಲಾವಣೆಗಳನ್ನೆಲ್ಲ ಒಟ್ಟುಮಾಡಿ, ಮೊದಲು ಡಿಸ್ಕಿನ ಒಂದು ಮೀಸಲು ಜಾಗಕ್ಕೆ ಬರೆಯುತ್ತದೆ. ಎಲ್ಲ ಬರೆದಾದ ಮೇಲೆ ಕೊನೆಯಲ್ಲಿ 'ಇಷ್ಟೂ ಪೂರ್ತಿಯಾಗಿದೆ' ಎಂಬ ಮುದ್ರೆ ಒತ್ತುತ್ತದೆ. ಈ ಮುದ್ರೆಗೆ ಕಮಿಟ್ ಎನ್ನುತ್ತಾರೆ. ಅದು ಬಿದ್ದ ನಂತರವೇ ಬದಲಾವಣೆಗಳು ತಂತಮ್ಮ ನಿಜವಾದ ಜಾಗಕ್ಕೆ ಹೋಗುತ್ತವೆ.

ಕರೆಂಟ್ ಹೋಗಿ ಬಂದಾಗ ಜರ್ನಲ್ ತೆರೆದು ನೋಡಿದರೆ ಸಾಕು. ಕಮಿಟ್ ಮುದ್ರೆ ಇರುವ ಗುಂಪನ್ನು ಮತ್ತೊಮ್ಮೆ ಜಾಗಕ್ಕೆ ಬರೆಯುವುದು, ಮುದ್ರೆ ಇಲ್ಲದ ಗುಂಪನ್ನು ನಡೆದೇ ಇಲ್ಲವೆಂದು ಬಿಡುವುದು. ಗಂಟೆಗಳ ತಪಾಸಣೆ ಸೆಕೆಂಡುಗಳಿಗೆ ಇಳಿಯುತ್ತದೆ. ಬೂಟ್ ಆಗುವಾಗ ಪರದೆಯ ಮೇಲೆ 'ರಿಕವರಿಂಗ್ ಜರ್ನಲ್' ಎಂದು ಒಂದು ಸಾಲು ಹಾದುಹೋಗುತ್ತದಲ್ಲ, ಆ ಹೊತ್ತಿನಲ್ಲಿ ನಡೆಯುವುದು ಇದೇ. ಆ ಸಾಲು ಕಂಡರೆ ಗಾಬರಿ ಬೇಡ. ಅದು ವ್ಯವಸ್ಥೆ ಕೆಲಸ ಮಾಡಿದ್ದರ ಗುರುತು.

ಲಿನಕ್ಸಿನ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್‌ನಲ್ಲಿ ಈ ಹೊಣೆ ಹೊತ್ತಿರುವುದು ಜೆಬಿಡಿ2 ಎಂಬ ಭಾಗ. ಬೇರೆ ಸೂಚನೆ ಇಲ್ಲದಿದ್ದರೆ 5 ಸೆಕೆಂಡಿಗೊಮ್ಮೆ ಅದು ಒಂದು ಗುಂಪನ್ನು ಕಮಿಟ್ ಮಾಡುತ್ತದೆ.

ಹಳೆಯ ಡಿಸ್ಕಿಗೆ ಹೊಸ ಜರ್ನಲ್

ಡೇಟಾಬೇಸ್‌ನವರು ಈ ಉಪಾಯವನ್ನು ಮೊದಲೇ ಬಳಸುತ್ತಿದ್ದರು. ಫೈಲ್ ಸಿಸ್ಟಮ್‌ಗೂ ಅದನ್ನು ಹೊಂದಿಸಬಹುದು ಎಂದು ತೋರಿಸಿದ ಹೆಸರಾಂತ ಪ್ರಬಂಧ 1987ರದು. ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದ ರಾಬರ್ಟ್ ಹ್ಯಾಗ್‌ಮನ್ ಅಲ್ಲಿನ 'ಸೀಡರ್' ಫೈಲ್ ಸಿಸ್ಟಮ್ ಅನ್ನು ಈ ವಿಧಾನದಲ್ಲಿ ಮರುರಚಿಸಿದ್ದರು. 1990ರಲ್ಲಿ ಐಬಿಎಂ ತನ್ನ ಎಐಎಕ್ಸ್ ಯಂತ್ರಗಳಿಗೆ ಜರ್ನಲ್ ಇರುವ ಫೈಲ್ ಸಿಸ್ಟಮ್ ಕೊಟ್ಟಿತು. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ ಎನ್‌ಟಿಎಫ್‌ಎಸ್‌ನಲ್ಲೂ ಇಂಥದ್ದೇ ಲಾಗ್ ಇತ್ತು.

ಲಿನಕ್ಸ್ ಆಗ ಹಿಂದೆ ಉಳಿದಿತ್ತು. ರೆಮಿ ಕಾರ್ಡ್ 1993ರಲ್ಲಿ ಕಟ್ಟಿದ ಇಎಕ್ಸ್‌ಟಿ2 ವೇಗವಾಗಿತ್ತು, ಜರ್ನಲ್ ಮಾತ್ರ ಇರಲಿಲ್ಲ. ಸ್ಟೀಫನ್ ಟ್ವೀಡಿ 1998ರಲ್ಲಿ ಅದಕ್ಕೊಂದು ದಾರಿ ತೋರಿಸಿದರು. ಅವರ ಜಾಣತನ ಇದ್ದದ್ದು ಡಿಸ್ಕಿನ ವಿನ್ಯಾಸ ಮುಟ್ಟದೆ ಬಿಟ್ಟದ್ದರಲ್ಲಿ. ಜರ್ನಲ್ ಅನ್ನು ಅದೇ ಡಿಸ್ಕಿನ ಒಂದು ಗುಪ್ತ ಫೈಲಿನಂತೆ ಇಟ್ಟರು. ಹಾಗಾಗಿ ಇದ್ದ ಡಿಸ್ಕನ್ನು ಅಳಿಸಿ ಫಾರ್ಮ್ಯಾಟ್ ಮಾಡದೆಯೇ ಜರ್ನಲ್ ಸೇರಿಸಿಕೊಳ್ಳಲು ಸಾಧ್ಯವಾಯಿತು. ಅದೇ ಇಎಕ್ಸ್‌ಟಿ3. 2001ರ ನವೆಂಬರ್‌ನಲ್ಲಿ ಲಿನಕ್ಸಿನ 2.4.15 ಆವೃತ್ತಿಯ ಜೊತೆ ಅದು ಎಲ್ಲರ ಕೈಗೂ ಬಂತು.

ಅದರ ಉತ್ತರಾಧಿಕಾರಿ ಇಎಕ್ಸ್‌ಟಿ4 ಸ್ಥಿರವೆಂದು ಬಿಡುಗಡೆಯಾದದ್ದು 2008ರ ಡಿಸೆಂಬರ್‌ನಲ್ಲಿ. 2010ರ ನೆಕ್ಸಸ್ ಎಸ್ ಫೋನಿನಿಂದ ಶುರುವಾಗಿ ಆಂಡ್ರಾಯ್ಡ್ ಫೋನುಗಳ ಒಳಗೂ ಸೇರಿತು. ದೊಡ್ಡ ಸರ್ವರ್‌ಗಳಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆ ಕಟ್ಟಿದ ಎಕ್ಸ್‌ಎಫ್‌ಎಸ್ ಕೂಡ ಸಾಮಾನ್ಯ. 2014ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7 ಅದನ್ನೇ ಪೂರ್ವನಿಯೋಜಿತ ಆಯ್ಕೆಯಾಗಿ ಮಾಡಿಕೊಂಡಿತು.

ಜರ್ನಲ್ ಕೊಡದ ಭರವಸೆ

ಜರ್ನಲ್ ಇದೆ ಅಂದಮೇಲೆ ಡೇಟಾ ಭದ್ರ ಎಂದು ಬಹಳ ಜನ ನಂಬಿದ್ದಾರೆ. ಅದು ಪೂರ್ತಿ ನಿಜವಲ್ಲ.

ಇಎಕ್ಸ್‌ಟಿ4 ಸಾಮಾನ್ಯವಾಗಿ ನಡೆಯುವ ಕ್ರಮದಲ್ಲಿ ಜರ್ನಲ್‌ಗೆ ಹೋಗುವುದು ಮೆಟಾಡೇಟಾ ಮಾತ್ರ, ಅಂದರೆ ಐನೋಡ್, ಬಿಟ್‌ಮ್ಯಾಪ್, ಫೋಲ್ಡರಿನ ಪಟ್ಟಿ ಇಂಥವು. ನಿಮ್ಮ ಬಿಲ್ಲಿನ ಅಂಕಿಗಳು ಅದರೊಳಗೆ ಹೋಗುವುದಿಲ್ಲ. ಮೆಟಾಡೇಟಾ ಕಮಿಟ್ ಆಗುವ ಮುಂಚೆ ಅದಕ್ಕೆ ಸೇರಿದ ಡೇಟಾ ಡಿಸ್ಕಿಗೆ ಇಳಿದಿರಬೇಕು ಎಂಬ ನಿಯಮವೊಂದನ್ನು ಪಾಲಿಸುತ್ತದೆ, ಅಷ್ಟೆ. ಡೇಟಾವನ್ನೂ ಜರ್ನಲ್ ಮೂಲಕ ಹಾಯಿಸುವ ಆಯ್ಕೆ ಇದೆ. ಆಗ ಎಲ್ಲವನ್ನೂ ಎರಡೆರಡು ಸಲ ಬರೆಯಬೇಕಾಗುವುದರಿಂದ ಆ ದಾರಿ ಹಿಡಿಯುವವರು ಕಡಿಮೆ.

ಆದ್ದರಿಂದ ಕರೆಂಟ್ ಹೋದಾಗ ಜರ್ನಲ್ ಕಾಪಾಡುವುದು ಲೆಕ್ಕದ ತಾಳೆಯನ್ನು. ಕೊನೆಯ ಕೆಲವು ಸೆಕೆಂಡುಗಳ ಬರಹ ಹೋಗಿರಬಹುದು. ಅದನ್ನು ತಪ್ಪಿಸಲು ಡೇಟಾಬೇಸ್‌ಗಳು ಪ್ರತಿ ವ್ಯವಹಾರದ ಕೊನೆಗೂ 'ಡಿಸ್ಕಿಗೆ ಇಳಿಸಿದ್ದನ್ನು ಖಚಿತಪಡಿಸು' ಎಂದು ಕೇಳುತ್ತವೆ. ಎಫ್‌ಸಿಂಕ್ ಎಂಬುದು ಆ ಕರೆ. ಅದಲ್ಲದೆ ಅವು ತಮ್ಮದೇ ಬೇರೊಂದು ಲಾಗ್ ಕೂಡ ಇಟ್ಟುಕೊಳ್ಳುತ್ತವೆ.

ಕೈಬಿಡುವ ಗಳಿಗೆ

ಜರ್ನಲ್‌ಗೆ ಬರೆಯಲು ಹೋದಾಗ ಡಿಸ್ಕೇ 'ಆಗುವುದಿಲ್ಲ' ಎಂದರೆ? ಮುಂದಿನ ಯಾವ ಬದಲಾವಣೆಗೂ ಆಧಾರ ಉಳಿಯುವುದಿಲ್ಲ. ಆಗ ಜೆಬಿಡಿ2 ಜರ್ನಲ್ ಅನ್ನು ಕೈಬಿಡುತ್ತದೆ. ಲಾಗ್‌ನಲ್ಲಿ 'ಅಬಾರ್ಟಿಂಗ್ ಜರ್ನಲ್' ಎಂದು ಬೀಳುತ್ತದೆ. ಅದರ ಬೆನ್ನಿಗೇ 'ರೀಮೌಂಟಿಂಗ್ ಫೈಲ್ ಸಿಸ್ಟಮ್ ರೀಡ್-ಓನ್ಲಿ'. ಆ ಕ್ಷಣದಿಂದ ಹೊಸ ಬರಹಕ್ಕೆಲ್ಲ ಬಾಗಿಲು ಮುಚ್ಚಿತು.

ಡಿಸ್ಕ್ ಬರೆಯುತ್ತಿದ್ದರೂ ಲೆಕ್ಕದಲ್ಲೇ ಅಸಂಗತ ಏನಾದರೂ ಕಣ್ಣಿಗೆ ಬಿದ್ದಾಗ ಏನು ಮಾಡಬೇಕೆಂದು ಮೊದಲೇ ಹೇಳಿಡಬಹುದು. ಮೂರು ಆಯ್ಕೆಗಳಿವೆ: ಬರೆದಿಟ್ಟುಕೊಂಡು ಮುಂದುವರಿ, ಓದಲು ಮಾತ್ರ ಬಿಡು, ಇಡೀ ಯಂತ್ರವನ್ನು ನಿಲ್ಲಿಸು. ಉಬುಂಟು, ಡೆಬಿಯನ್‌ನಂಥ ವಿತರಣೆಗಳು ಮೂಲ ಡಿಸ್ಕಿಗೆ ಎರಡನೆಯದನ್ನು ಹಾಕಿಕೊಡುತ್ತವೆ. ಎಕ್ಸ್‌ಎಫ್‌ಎಸ್ ಇನ್ನೂ ನಿಷ್ಠುರಿ. ಲಾಗ್ ಬರೆಯಲಾಗದಿದ್ದರೆ ಅದು ಪೂರ್ತಿ ಮುಚ್ಚಿಕೊಂಡು ಓದುವುದಕ್ಕೂ ಎರರ್ ಕೊಡುತ್ತದೆ.

ಬರೆಯುವುದನ್ನು ನಿಲ್ಲಿಸುವುದೇ ಇಲ್ಲಿ ಕಾವಲು. ಇದಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ತೋರಿಸಿದ್ದರು. ಅವರು ಇಎಕ್ಸ್‌ಟಿ3 ಮುಂತಾದ ಫೈಲ್ ಸಿಸ್ಟಮ್‌ಗಳಿಗೆ ಬೇಕೆಂದೇ ಡಿಸ್ಕ್ ದೋಷಗಳನ್ನು ಉಣಿಸಿ ಪರೀಕ್ಷಿಸಿದರು. ಬರೆಯುವಾಗ ಬಂದ ಎರರ್ ಅನ್ನು ಇಎಕ್ಸ್‌ಟಿ3 ಎಷ್ಟೋ ಕಡೆ ಗಮನಿಸದೆಯೇ ಮುಂದೆ ಹೋಗುತ್ತಿತ್ತು. ಜರ್ನಲ್‌ನ ಗುಂಪಿಗೆ ತಾಳೆ ಅಂಕಿ, ಅಂದರೆ ಚೆಕ್‌ಸಮ್, ಸೇರಿಸುವ ಅವರ ಸಲಹೆ ಮುಂದೆ ಇಎಕ್ಸ್‌ಟಿ4ಗೆ ಬಂತು. ಇಂದಿನ ಸರ್ವರ್ ಹಟ ಹಿಡಿದು ನಿಲ್ಲುವುದರ ಹಿಂದೆ ಇಂಥ ಪಾಠಗಳಿವೆ.

ಸಾಕ್ಷ್ಯ ಇರುವುದು ನೆನಪಿನಲ್ಲಿ

ಇಲ್ಲೊಂದು ವಿಚಿತ್ರ ಇಕ್ಕಟ್ಟಿದೆ. ಸರ್ವರ್ ತನ್ನ ಲಾಗ್ ಬರೆಯುವುದು ಸಾಮಾನ್ಯವಾಗಿ ಅದೇ ಡಿಸ್ಕಿಗೆ. ಡಿಸ್ಕ್ ರೀಡ್-ಓನ್ಲಿ ಆದ ಕ್ಷಣದಿಂದ ಲಾಗ್ ಫೈಲಿಗೂ ಬರೆಯಲಾಗದು. ಅತಿ ಮುಖ್ಯವಾದ ಸಾಲುಗಳು ಲಿನಕ್ಸಿನ ತಿರುಳಾದ ಕರ್ನಲ್ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡ ಸಂದೇಶಗಳಲ್ಲಿ ಮಾತ್ರ ಉಳಿದಿರುತ್ತವೆ. ರೀಬೂಟ್ ಮಾಡಿದಿರೋ, ಅವು ಹೋದವು.

ಹಾಗಾಗಿ ಮೊದಲ ಕೆಲಸ, ಕರ್ನಲ್ ಸಂದೇಶಗಳನ್ನು ಪರದೆಗೆ ತರಿಸಿ ಬೇರೆ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳುವುದು. ಅದಕ್ಕೂ ಆಗದಿದ್ದರೆ ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದರೂ ಸರಿ.

ಓದುವಾಗ ಕೊನೆಯ ಸಾಲಿಗೆ ಜೋತುಬೀಳಬಾರದು. ಜರ್ನಲ್ ಕೈಬಿಟ್ಟ ಸಂದೇಶ ಪರಿಣಾಮ. ಕಾರಣ ಇರುವುದು ಅದಕ್ಕಿಂತ ಮೇಲೆ. ಅಲ್ಲಿ 'ಐ/ಒ ಎರರ್' ಎಂದು ಡಿಸ್ಕಿನ ಹೆಸರು, ಸೆಕ್ಟರ್ ಸಂಖ್ಯೆ ಸಹಿತ ಸಾಲುಗಳಿದ್ದರೆ ದೋಷ ಡಿಸ್ಕ್ ಅಥವಾ ಅದರ ದಾರಿಯಲ್ಲಿ. ಅವೇನೂ ಇಲ್ಲದೆ ಬಿಟ್‌ಮ್ಯಾಪ್ ಅಥವಾ ಐನೋಡ್ ತಾಳೆಯಾಗುತ್ತಿಲ್ಲ ಎಂಬ ದೂರು ನೇರವಾಗಿ ಬಂದಿದ್ದರೆ ಲೆಕ್ಕ ಎಂದೋ ಕೆಟ್ಟಿದೆ, ಇಂದು ಕಣ್ಣಿಗೆ ಬಿದ್ದಿದೆ.

ಸಂದೇಶದಲ್ಲಿ ಡಿಸ್ಕಿನ ಹೆಸರಿನ ಮುಂದೆ '-8' ಎಂದು ಕಂಡು ಹಲವರು ತಬ್ಬಿಬ್ಬಾಗುತ್ತಾರೆ. ಅದು ಎಂಟನೆಯ ಡಿಸ್ಕ್ ಅಲ್ಲ. ಇಎಕ್ಸ್‌ಟಿ4ನಲ್ಲಿ ಜರ್ನಲ್ ಇರುವ ಗುಪ್ತ ಫೈಲಿನ ಐನೋಡ್ ಸಂಖ್ಯೆ 8, ಅಷ್ಟೆ.

ಇಎಕ್ಸ್‌ಟಿ4 ಇನ್ನೊಂದು ಉಪಕಾರ ಮಾಡುತ್ತದೆ. ಬರೆಯಲು ಸಾಧ್ಯವಾದಾಗಲೆಲ್ಲ ತನ್ನ ಸೂಪರ್‌ಬ್ಲಾಕ್ ಎಂಬ ಮುಖ್ಯ ದಾಖಲೆಯಲ್ಲಿ ಮೊದಲ ಎರರ್ ಯಾವಾಗ ಬಂತು, ಕೊನೆಯದು ಯಾವಾಗ, ಒಟ್ಟು ಎಷ್ಟು ಎಂದು ಬರೆದಿಡುತ್ತದೆ. ಇಂದು ನಿಂತ ಸರ್ವರ್‌ನಲ್ಲಿ ಮೊದಲ ಎರರ್‌ನ ತಾರೀಕು ಎರಡು ತಿಂಗಳ ಹಿಂದಿನದಾಗಿದ್ದರೆ ತನಿಖೆಯ ದಿಕ್ಕೇ ಬದಲಾಗುತ್ತದೆ.

ಶಂಕಿತರ ಪಟ್ಟಿ

ಮೊದಲ ಅನುಮಾನ ಡಿಸ್ಕಿನ ಮೇಲೆ. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಅಂಕಿಗಳನ್ನು 'ಸ್ಮಾರ್ಟ್' ಎಂಬ ವ್ಯವಸ್ಥೆಯಲ್ಲಿ ಇಟ್ಟುಕೊಂಡಿರುತ್ತದೆ. ಸಾಂಪ್ರದಾಯಿಕ ಹಾರ್ಡ್ ಡಿಸ್ಕಿನಲ್ಲಿ ಮುಖ್ಯವಾದವು 5, 197 ಮತ್ತು 198ನೇ ಸಾಲುಗಳು. ಕೆಟ್ಟು ಬದಲಿಸಿದ ಸೆಕ್ಟರ್‌ಗಳೆಷ್ಟು, ಓದಲಾಗದೆ ತೂಗಾಡುತ್ತಿರುವುದೆಷ್ಟು, ಸರಿಪಡಿಸಲಾಗದ್ದೆಷ್ಟು ಎಂದು ಅವು ಹೇಳುತ್ತವೆ. ಈ ಅಂಕಿಗಳು ಏರುತ್ತಿದ್ದರೆ ಡಿಸ್ಕಿನ ದಿನ ಮುಗಿಯುತ್ತಾ ಬಂದಿದೆ.

ಎರಡನೆಯದು ಕೇಬಲ್. 199ನೇ ಸಾಲು ಏರುತ್ತಿದ್ದು ಉಳಿದವು ಸೊನ್ನೆ ಇದ್ದರೆ ಡಿಸ್ಕಿನ ತಪ್ಪಿರದು. ಆ ಸಾಲು ಎಣಿಸುವುದು ಡಿಸ್ಕ್ ಮತ್ತು ಬೋರ್ಡಿನ ನಡುವೆ ಹಾದಿಯಲ್ಲಿ ಕೆಟ್ಟ ಸಂದೇಶಗಳನ್ನು. ಸಡಿಲವಾದ ಕೇಬಲ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಹೊಸ ಡಿಸ್ಕ್ ಕೊಂಡವರು ಕಡಿಮೆಯೇನಿಲ್ಲ.

ಮೂರನೆಯದು ಕರೆಂಟ್ ಮತ್ತು ಕ್ಯಾಶ್. ವೇಗಕ್ಕಾಗಿ ಡಿಸ್ಕ್‌ಗಳೂ, ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ರೈಡ್ ಕಾರ್ಡ್‌ಗಳೂ ಬರಹವನ್ನು ತಮ್ಮ ಮೆಮೊರಿಯಲ್ಲಿ ಇಟ್ಟುಕೊಂಡು 'ಆಯಿತು' ಎಂದುಬಿಡುತ್ತವೆ. ಜರ್ನಲ್ ನಿಂತಿರುವುದೇ ಬರೆಯುವ ಕ್ರಮದ ಮೇಲೆ. ಅದಕ್ಕಾಗಿ ಫೈಲ್ ಸಿಸ್ಟಮ್ ಆಗಾಗ 'ಈಗ ನಿಜವಾಗಿ ಇಳಿಸು' ಎಂದು ಆಜ್ಞೆ ಕೊಡುತ್ತದೆ. ಆ ಆಜ್ಞೆಯನ್ನು ಕಡೆಗಣಿಸುವ ಅಗ್ಗದ ಡಿಸ್ಕ್ ಇದ್ದರೆ, ವೇಗ ಬರಲೆಂದು ಯಾರಾದರೂ ಆ ಆಜ್ಞೆಯನ್ನೇ ಆಫ್ ಮಾಡಿದ್ದರೆ, ಇಲ್ಲವೇ ರೈಡ್ ಕಾರ್ಡಿನ ಬ್ಯಾಟರಿ ಸತ್ತಿದ್ದರೂ ಕ್ಯಾಶ್ ಚಾಲೂ ಇಟ್ಟಿದ್ದರೆ, ಕರೆಂಟ್ ಹೋದಾಗ ಕ್ರಮ ತಪ್ಪುತ್ತದೆ. ಜರ್ನಲ್‌ಗೇ ಅರಿವಿಲ್ಲದಂತೆ ಲೆಕ್ಕ ಕೆಡುತ್ತದೆ.

ನಾಲ್ಕನೆಯದು ವರ್ಚುವಲ್ ಯಂತ್ರಗಳಲ್ಲಿ ಸಾಮಾನ್ಯ. ಇಲ್ಲಿ ಡಿಸ್ಕ್ ಎನ್ನುವುದು ನೆಟ್‌ವರ್ಕಿನ ಆಚೆ ತುದಿಯಲ್ಲಿರುತ್ತದೆ. ಸ್ಟೋರೇಜ್ ಬಾಕ್ಸ್ ಯಾವುದೋ ಅಪ್‌ಡೇಟ್‌ಗಾಗಿ ಸ್ವಲ್ಪ ಹೊತ್ತು ಉತ್ತರಿಸದೆ ಹೋಯಿತು ಎನ್ನಿ. ಲಿನಕ್ಸ್ ಸಾಮಾನ್ಯವಾಗಿ ಒಂದು ಆಜ್ಞೆಗೆ ಕಾಯುವುದು 30 ಸೆಕೆಂಡು. ಉತ್ತರ ಬಾರದೆ ಮರುಪ್ರಯತ್ನಗಳೂ ಸೋತರೆ ಎರರ್, ಜರ್ನಲ್ ಕೈಬಿಡುವುದು, ರೀಡ್-ಓನ್ಲಿ. ಇಂಥ ಸಂದರ್ಭದಲ್ಲಿ ಒಂದೇ ಸ್ಟೋರೇಜ್ ಬಾಕ್ಸಿನ ಹತ್ತಾರು ಸರ್ವರ್‌ಗಳು ಒಟ್ಟಿಗೆ ಮಲಗುತ್ತವೆ, ಡಿಸ್ಕ್‌ಗಳೆಲ್ಲ ಆರೋಗ್ಯವಾಗಿಯೇ ಇರುತ್ತವೆ. ವಿಎಂವೇರ್‌ನ ಸಹಾಯಕ ತಂತ್ರಾಂಶ ಈ ಅವಧಿಯನ್ನು 180 ಸೆಕೆಂಡಿಗೆ ಏರಿಸುವುದು ಇದೇ ಕಾರಣಕ್ಕೆ.

ಉಳಿದವರಲ್ಲಿ ಇಬ್ಬರನ್ನು ಮರೆಯಬಾರದು. ಒಂದು, ಇರುವುದಕ್ಕಿಂತ ಹೆಚ್ಚು ಜಾಗ ಹಂಚಿಟ್ಟ ಸ್ಟೋರೇಜ್. ಕೆಳಗಿನ ಕೊಳ ಭರ್ತಿಯಾದಾಗ ಮೇಲಿನ ಸರ್ವರ್‌ಗೆ ಜಾಗ ಇದೆ ಎಂದೇ ಕಾಣುತ್ತಿದ್ದರೂ ಬರಹ ವಿಫಲವಾಗುತ್ತದೆ. ಇನ್ನೊಂದು, ಕೆಟ್ಟ ರ್‍ಯಾಮ್. ಅದು ಡಿಸ್ಕಿಗೆ ಹೋಗುವ ಮುಂಚೆಯೇ ಅಂಕಿಗಳನ್ನು ತಿರುಚುತ್ತದೆ.

ಮೊದಲು ನಕಲು

ಸಾಕ್ಷ್ಯ ಕೈಗೆ ಬಂದ ಮೇಲೆ ಎಲ್ಲರ ಕೈಯೂ ದುರಸ್ತಿಯ ಆಜ್ಞೆಯತ್ತ ಹೋಗುತ್ತದೆ. ಅಲ್ಲಿ ತಡೆದು ನಿಲ್ಲಬೇಕು. ಎಫ್‌ಎಸ್‌ಸಿಕೆ ಕಾಪಾಡುವುದು ಫೈಲ್ ಸಿಸ್ಟಮ್‌ನ ಲೆಕ್ಕವನ್ನು, ನಿಮ್ಮ ಫೈಲುಗಳನ್ನು ಅಲ್ಲ. ಲೆಕ್ಕ ಹೊಂದಲು ಒಂದು ಫೈಲನ್ನು ಬಿಡಬೇಕಾದರೆ ಅದು ಬಿಡುತ್ತದೆ. ಸಾಯುತ್ತಿರುವ ಡಿಸ್ಕಿನ ಮೇಲೆ ಅದನ್ನು ಓಡಿಸಿದರೆ ಪ್ರತಿ ಓದೂ ಪ್ರತಿ ಬರಹವೂ ಉಳಿದ ಆಯುಸ್ಸನ್ನು ತಿನ್ನುತ್ತದೆ.

ಡಿಸ್ಕ್ ಇನ್ನೂ ಓದಲು ಕೊಡುತ್ತಿದ್ದರೆ ಮುಖ್ಯ ಫೈಲುಗಳನ್ನು ಆಗಲೇ ಬೇರೆ ಕಡೆಗೆ ಎತ್ತಿಕೊಳ್ಳಿ. ಕ್ಲೌಡ್ ಅಥವಾ ವರ್ಚುವಲ್ ಯಂತ್ರವಾದರೆ ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಡಿಸ್ಕ್ ಸ್ವತಃ ಕೆಡುತ್ತಿದ್ದರೆ ಜಿಎನ್‌ಯು ಡಿಡಿರೆಸ್ಕ್ಯೂನಂಥ ಸಾಧನದಿಂದ ಇಡೀ ಡಿಸ್ಕಿನ ಪ್ರತಿ ಮಾಡಿಕೊಳ್ಳಿ. ಅದು ಸುಲಭವಾಗಿ ಓದಲು ಬರುವ ಭಾಗವನ್ನೆಲ್ಲ ಮೊದಲು ತೆಗೆದು, ಹಟಮಾರಿ ಸೆಕ್ಟರ್‌ಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಬಂತೆಂಬ ನಕ್ಷೆಯನ್ನೂ ಇಟ್ಟುಕೊಳ್ಳುವುದರಿಂದ ನಡುವೆ ನಿಂತರೂ ಮುಂದುವರಿಸಬಹುದು. ಮುಂದಿನ ಪ್ರಯೋಗವೆಲ್ಲ ಆ ಪ್ರತಿಯ ಮೇಲೆ ನಡೆಯಲಿ.

ಅನುಭವಿಗಳೂ ಎಡವುವ ಒಂದು ಕಡೆ ಇದೆ. 'ಓದಲು ಮಾತ್ರ' ಎಂದು ಮೌಂಟ್ ಮಾಡಿದರೆ, ಅಂದರೆ ಬಳಕೆಗೆ ಜೋಡಿಸಿದರೆ, ಡಿಸ್ಕಿಗೆ ಏನೂ ಬರೆಯುವುದಿಲ್ಲ ಎಂದುಕೊಳ್ಳುತ್ತೇವೆ. ಇಎಕ್ಸ್‌ಟಿ4 ಆಗಲೂ ಬಾಕಿ ಉಳಿದ ಜರ್ನಲ್ ಅನ್ನು ಡಿಸ್ಕಿಗೆ ಇಳಿಸುತ್ತದೆ. ಏನನ್ನೂ ಮುಟ್ಟಬಾರದು ಅಂದರೆ ಜರ್ನಲ್ ಓಡಿಸಬೇಡ ಎಂದು ಪ್ರತ್ಯೇಕವಾಗಿಯೇ ಹೇಳಬೇಕು.

ದುರಸ್ತಿಯ ಕ್ರಮ

ಕೇಬಲ್, ಡಿಸ್ಕ್, ಸ್ಟೋರೇಜ್ ಯಾವುದು ಕಾರಣವೋ ಅದನ್ನು ಸರಿಪಡಿಸಿದ ನಂತರವೇ ಫೈಲ್ ಸಿಸ್ಟಮ್ ದುರಸ್ತಿ. ಅದು ನಡೆಯುವಾಗ ಡಿಸ್ಕ್ ಬಳಕೆಯಲ್ಲಿರಬಾರದು. ಬಳಕೆಯಲ್ಲಿರುವ ಡಿಸ್ಕಿನ ಮೇಲೆ ಎಫ್‌ಎಸ್‌ಸಿಕೆ ಓಡಿಸುವುದು ಇದ್ದದ್ದನ್ನೂ ಕಳೆದುಕೊಳ್ಳುವ ನೇರ ದಾರಿ. ಮೂಲ ಡಿಸ್ಕೇ ಆಗಿದ್ದರೆ ಪೆನ್‌ಡ್ರೈವ್‌ನಿಂದ ಅಥವಾ ರೆಸ್ಕ್ಯೂ ಮೋಡ್‌ನಲ್ಲಿ ಬೂಟ್ ಮಾಡಬೇಕು.

ಇಎಕ್ಸ್‌ಟಿ4ನಲ್ಲಿ ಮೊದಲು 'ಏನನ್ನೂ ಬದಲಿಸಬೇಡ, ಏನು ತಪ್ಪಿದೆ ಹೇಳು' ಎಂಬ ರೀತಿಯಲ್ಲಿ ಓಡಿಸಿ ನೋಡುವುದು ಜಾಣತನ. ನಾಲ್ಕಾರು ದೂರು ಬಂದರೆ ಮುಂದುವರಿಯಬಹುದು. ಸಾವಿರಾರು ಬಂದರೆ ಬ್ಯಾಕಪ್ ಎಲ್ಲಿದೆ ಎಂದು ಹುಡುಕುವುದು ಮೇಲು. ನಿಜವಾದ ಓಟದಲ್ಲಿ ಅದು ಮೊದಲು ಜರ್ನಲ್ ಅನ್ನು ಇಳಿಸಿ, ಆಮೇಲೆ ಐದು ಸುತ್ತುಗಳಲ್ಲಿ ಐನೋಡ್, ಫೋಲ್ಡರ್‌ಗಳ ರಚನೆ, ಅವುಗಳ ಕೊಂಡಿ, ಎಣಿಕೆ, ಒಟ್ಟು ಲೆಕ್ಕ ಎಂದು ತಾಳೆ ನೋಡುತ್ತದೆ. ಸೂಪರ್‌ಬ್ಲಾಕ್ ಹಾಳಾಗಿದ್ದರೆ ಅದರ ಪ್ರತಿಗಳು ಡಿಸ್ಕಿನ ಬೇರೆಡೆ ಇರುತ್ತವೆ. 4 ಕಿಲೋಬೈಟ್ ಬ್ಲಾಕಿನ ಡಿಸ್ಕಿನಲ್ಲಿ ಮೊದಲ ಪ್ರತಿ ಇರುವುದು 32768ನೇ ಬ್ಲಾಕಿನಲ್ಲಿ.

ಮುಗಿದ ಮೇಲೆ ಅದು ಬಿಟ್ಟುಹೋಗುವ ಅಂಕಿಯನ್ನು ನೋಡಬೇಕು. 0 ಅಂದರೆ ತಪ್ಪಿಲ್ಲ, 1 ಅಂದರೆ ತಪ್ಪಿತ್ತು ಸರಿಪಡಿಸಿದೆ, 4 ಅಂದರೆ ತಪ್ಪು ಇನ್ನೂ ಉಳಿದಿದೆ. ಹೆಸರು ಕಳೆದುಕೊಂಡ ಫೈಲುಗಳು 'ಲಾಸ್ಟ್+ಫೌಂಡ್' ಎಂಬ ಫೋಲ್ಡರಿನಲ್ಲಿ ಬರೀ ಸಂಖ್ಯೆಯ ಹೆಸರಿನಲ್ಲಿ ಬಿದ್ದಿರುತ್ತವೆ.

ಜರ್ನಲ್ಲೇ ಓದಲಾಗದಷ್ಟು ಕೆಟ್ಟಿದ್ದರೆ ಅದನ್ನು ಕಿತ್ತುಹಾಕಿ, ಪೂರ್ತಿ ತಪಾಸಣೆ ಮಾಡಿ, ಹೊಸದನ್ನು ಸೇರಿಸುವ ದಾರಿ ಇದೆ. ಇಳಿಸದೆ ಉಳಿದಿದ್ದ ಬದಲಾವಣೆಗಳು ಅದರೊಂದಿಗೇ ಹೋಗುತ್ತವೆ ಎಂಬುದು ನೆನಪಿರಲಿ. ಎಕ್ಸ್‌ಎಫ್‌ಎಸ್ ಈ ವಿಚಾರದಲ್ಲಿ ಎಚ್ಚರಿಸಿ ತಡೆಯುತ್ತದೆ. ಲಾಗ್‌ನಲ್ಲಿ ಬಾಕಿ ಇದ್ದರೆ ಅದರ ದುರಸ್ತಿ ಸಾಧನ ಕೆಲಸ ಮಾಡಲು ಒಪ್ಪದೆ, ಒಮ್ಮೆ ಮೌಂಟ್ ಮಾಡಿ ಲಾಗ್ ಇಳಿಸಿಕೊಂಡು ಬನ್ನಿ ಎನ್ನುತ್ತದೆ. ಲಾಗ್ ಅನ್ನು ಅಳಿಸಿಯೇ ಮುಂದುವರಿ ಎಂದು ಬಲವಂತ ಮಾಡುವ ಆಯ್ಕೆ ಕಟ್ಟಕಡೆಯದು. ಆತುರದಲ್ಲಿ ಸಿಕ್ಕ ಸಲಹೆ ನಂಬಿ ಅದನ್ನೇ ಮೊದಲು ಒತ್ತುವವರಿದ್ದಾರೆ.

ಎದ್ದ ಮೇಲೂ ತಪಾಸಣೆ

ಸರ್ವರ್ ಎದ್ದಿತು, ಸೇವ್ ಆಗುತ್ತಿದೆ. ಡೇಟಾಬೇಸ್ ನೆಟ್ಟಗಿದೆಯೇ ಎಂಬುದು ಬೇರೆಯೇ ಪ್ರಶ್ನೆ. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಕಟ್ಟುವವರು ಲಿನಕ್ಸಿನ ಒಂದು ಸೂಕ್ಷ್ಮದ ಬಗ್ಗೆ ಬೆಚ್ಚಿಬಿದ್ದರು. ಎಫ್‌ಸಿಂಕ್ ಒಮ್ಮೆ ವಿಫಲವಾದ ಮೇಲೆ ಮತ್ತೆ ಕೇಳಿದರೆ, ಹಿಂದಿನ ಬರಹ ಡಿಸ್ಕಿಗೆ ಇಳಿಯದಿದ್ದರೂ 'ಆಯಿತು' ಎಂಬ ಉತ್ತರ ಬರಬಹುದಿತ್ತು. 2019ರ ಫೆಬ್ರುವರಿಯ ಆವೃತ್ತಿಗಳಿಂದ ಪೋಸ್ಟ್‌ಗ್ರೆಸ್ ಮರುಪ್ರಯತ್ನ ಬಿಟ್ಟು, ಅಲ್ಲೇ ಕುಸಿದು ತನ್ನ ಲಾಗ್‌ನಿಂದ ಚೇತರಿಸಿಕೊಳ್ಳುವ ದಾರಿ ಹಿಡಿಯಿತು. ಹಳೆಯ ಆವೃತ್ತಿ ಓಡಿಸುವವರು ಇದನ್ನು ತಿಳಿದಿರಬೇಕು. ಯಾವ ಡೇಟಾಬೇಸ್ ಆದರೂ ಅದರದೇ ತಪಾಸಣೆ ಮುಗಿಸಿ, ಕೊನೆಯ ನಮೂದುಗಳನ್ನು ಕಾಗದದ ರಸೀದಿಯೊಂದಿಗೆ ತಾಳೆ ನೋಡಿದ ಮೇಲೆ ಕೌಂಟರ್ ತೆರೆಯುವುದು ಕ್ಷೇಮ.

ಮುಂದಿನ ಸಲಕ್ಕೆ ಮಾಡಿಡಬೇಕಾದ್ದು ದುಬಾರಿ ಕೆಲಸವೇನಲ್ಲ. ಕರೆಂಟ್ ಕೈಕೊಡುವ ಊರುಗಳಲ್ಲಿ ಯುಪಿಎಸ್ ಇದ್ದೇ ಇರುತ್ತದೆ. ಬ್ಯಾಟರಿ ಇಳಿದಾಗ ಸರ್ವರ್‌ಗೆ ತಾನಾಗಿ ಶಟ್‌ಡೌನ್ ಹೇಳುವ ಕೇಬಲ್ ಮಾತ್ರ ಎಷ್ಟೋ ಕಡೆ ಡಬ್ಬಿಯಲ್ಲೇ ಉಳಿದಿರುತ್ತದೆ. ಲಾಗ್‌ನ ಒಂದು ಪ್ರತಿ ಬೇರೆ ಯಂತ್ರಕ್ಕೆ ಹೋಗುತ್ತಿರಲಿ. ಡಿಸ್ಕ್ ರೀಡ್-ಓನ್ಲಿ ಆದ ಕೂಡಲೇ, ಸ್ಮಾರ್ಟ್ ಅಂಕಿ ಏರಿದ ಕೂಡಲೇ ಮೊಬೈಲಿಗೆ ಸಂದೇಶ ಬರುವಂತಿರಲಿ. ರೈಡ್ ಇದ್ದ ಮಾತ್ರಕ್ಕೆ ಬ್ಯಾಕಪ್ ಇದ್ದಂತಲ್ಲ. ಕೆಟ್ಟ ಲೆಕ್ಕವನ್ನು ಅದು ಎರಡೂ ಡಿಸ್ಕಿಗೆ ನಿಷ್ಠೆಯಿಂದ ಬರೆಯುತ್ತದೆ. ಬ್ಯಾಕಪ್ ಅನ್ನೂ ಒಮ್ಮೆ ಬೇರೆ ಯಂತ್ರದಲ್ಲಿ ತೆರೆದು ನೋಡಿದ ಮೇಲಷ್ಟೇ ನಂಬಬಹುದು.

ಸಂಸ್ಥೆ ನಡೆಸುವವರಿಗೆ ಇಷ್ಟೆಲ್ಲ ತಾಂತ್ರಿಕ ವಿವರ ಬೇಕಿಲ್ಲ, ಸರಿಯಾದ ಪ್ರಶ್ನೆ ಕೇಳಲು ಬಂದರೆ ಸಾಕು. 'ಸರ್ವರ್ ಸರಿಯಾಯಿತೇ?' ಎಂದರೆ ಬರೀ ರೀಬೂಟ್ ಮಾಡಿದವರೂ ಹೌದು ಎನ್ನಬಲ್ಲರು. ಮೊದಲ ಎರರ್ ಯಾವುದು, ಯಾವ ಹೊತ್ತಿಗೆ ಬಂತು, ಯಾವ ಭಾಗದಿಂದ ಬಂತು ಎಂದು ಕೇಳಿ. ಈ ಮೂರಕ್ಕೂ ಉತ್ತರ ಬರುವವರೆಗೆ ದುರಸ್ತಿಯ ಬಿಲ್ಲಿಗೆ ಸಹಿ ಹಾಕಬೇಡಿ.